ಒಂದೇ ಸಿಲಿಂಡರ್ ಕೈಕೊಟ್ಟ ದೋಣಿ ಮೋಟಾರ್

ಪ್ರಶ್ನೆ: ಸರ್, ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನ ದಂಡೆ. ಸಿಗಂದೂರು ಸೇತುವೆ ಆದಮೇಲೆ ಲಾಂಚ್ ಕಾಯುವ ಕಷ್ಟ ತಪ್ಪಿತು. ಆದರೆ ನಮ್ಮ ತೋಟ ಇರುವುದು ಆಚೆ ದಡದಲ್ಲಿ. ರಸ್ತೆ ಸುತ್ತಿ ಹೋದರೆ ಅರ್ಧ ದಿನ ಹಾಳು, ಹಾಗಾಗಿ ದೋಣಿ ಬಿಟ್ಟಿಲ್ಲ. ಹೊನ್ನಾವರದಿಂದ ತಂದ 15 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಮೋಟಾರ್ ಇದೆ. ಎರಡು ಸಿಲಿಂಡರ್, ಒಂದೇ ಕಾರ್ಬೊರೇಟರ್. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿತ್ತು. ಹೋದ ವಾರ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲಲ್ಲೇ ಹೊರಟೆ. ಹಸಿ ಅಡಿಕೆ ನಾಲ್ಕು ಮೂಟೆ, ಮೂರು ಜನ, ಫುಲ್ ಆಕ್ಸಿಲರೇಟರ್. ಹೊಳೆ ಮಧ್ಯೆ ಕಿರ್ ಅಂದು ನಿಂತೇಹೋಯಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಅರ್ಧ ಗಂಟೆ ಬಿಟ್ಟು ಎಳೆದೆ, ಸ್ಟಾರ್ಟ್ ಆಯಿತು, ಆದರೆ ಮೊದಲಿನ ಎಳೆತ ಇಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿದೆ. ಮೇಲಿನ ಸಿಲಿಂಡರ್ 110, ಕೆಳಗಿನದು 70. ಕೆಳಗಿನ ಪ್ಲಗ್ ತುದಿಯಲ್ಲಿ ಬೆಳ್ಳಿ ಪುಡಿ ಥರ ಏನೋ ಅಂಟಿಕೊಂಡಿತ್ತು. ಮೆಕ್ಯಾನಿಕ್ 'ಬ್ಲಾಕ್ ಹೋಯ್ತು, ಗುಜರಿಗೆ ಹಾಕಿ' ಅಂತಾರೆ. ಹೌದಾ?

ಉತ್ತರ: ಗುಜರಿಗೆ ಹಾಕಬೇಡಿ. ಹೆಡ್ ಬಿಚ್ಚಿ ನೋಡುವ ತನಕವಾದರೂ ತಡೆಯಿರಿ. ಅಲ್ಲಿವರೆಗೆ ಹಗ್ಗವನ್ನೂ ಎಳೆಯಬೇಡಿ.

ಆ ಬೆಳ್ಳಿ ಪುಡಿ ನಿಮ್ಮ ಪಿಸ್ಟನ್ನಿಂದಲೇ ಬಂದದ್ದು. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಬೋರ್ ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಜಾಸ್ತಿ ಉಬ್ಬುತ್ತದೆ. ನಡುವೆ ಇರಬೇಕಾದ ಎಣ್ಣೆಯ ಪದರ ಹರಿದರೆ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಿಮಗೆ ಕೇಳಿಸಿದ 'ಕಿರ್' ಅದೇ. ತಣ್ಣಗಾದ ಮೇಲೆ ಕುಗ್ಗಿ ಬಿಟ್ಟುಕೊಂಡಿದೆ, ಅದಕ್ಕೇ ಮತ್ತೆ ಸ್ಟಾರ್ಟ್ ಆಯಿತು. ಆದರೆ ಕಿತ್ತ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಂಡೇ ಇರುತ್ತದೆ. ಅದರ ಮೇಲೆ ಪಿಸ್ಟನ್ ಸುತ್ತಲಿನ ರಿಂಗ್ ಉಜ್ಜಿದಷ್ಟೂ ಕೆಲಸ ಕೆಡುತ್ತದೆ.

ಕಂಪ್ರೆಷನ್ ಇನ್ನೊಂದು ಸಲ ನೋಡಿಸಿ ಅನ್ನುತ್ತಿದ್ದೆ, ಆದರೆ ಪ್ಲಗ್ ಮೇಲಿನ ಪುಡಿಯೇ ಸಾಕ್ಷಿ ಹೇಳುತ್ತಿದೆ, ಬೇಡ. ಮುಂದೆ ಯಾವಾಗಲಾದರೂ ನೋಡಿಸುವಾಗ ಎರಡೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಪ್ಲಗ್ ವೈರ್‌ಗಳನ್ನು ಬ್ಲಾಕಿಗೆ ಅರ್ತ್ ಮಾಡಿರಬೇಕು. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುತ್ತದೆ. ಎರಡು ಸಿಲಿಂಡರ್ ನಡುವಿನ ವ್ಯತ್ಯಾಸ ಮುಖ್ಯ. ಅದು ನೂರಕ್ಕೆ 10-15 ದಾಟಿದರೆ ಒಳಗೆ ಏನೋ ಆಗಿದೆ ಅಂತಲೇ ಲೆಕ್ಕ. ನಿಮ್ಮದು 35 ದಾಟಿದೆ.

ಈಗ ಮುಖ್ಯ ಮಾತು. ಹೊಸ ಪಿಸ್ಟನ್ ಯಾರು ಬೇಕಾದರೂ ಹಾಕಿಕೊಡುತ್ತಾರೆ. ಹಳೇದು ಯಾಕೆ ಕಚ್ಚಿತು ಅಂತ ಹುಡುಕದೆ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ತೀರ್ಥಹಳ್ಳಿ ಹತ್ತಿರ ತುಂಗೆಯಲ್ಲಿ ಓಡುತ್ತಿದ್ದ ಒಂದು ಮೋಟಾರಿಗೆ ನಾನೇ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ ಸ್ವಲ್ಪ ಅಗಲ ಮಾಡಿಸಿ), ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಿ ಕೊಟ್ಟಿದ್ದೆ. ಒಂದೇ ಎಳೆತಕ್ಕೆ ಸ್ಟಾರ್ಟ್. ಮೂರನೇ ದಿನ ಅದೇ ಸಿಲಿಂಡರ್ ಮತ್ತೆ ಕಚ್ಚಿತು. ಬಿಚ್ಚಿ ನೋಡಿದರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಕೆಳಗಿನ ಆಯಿಲ್ ಸೀಲ್, ರಬ್ಬರ್ ಹೋಗಿ ಬಾಟಲಿ ಬಿರಡೆಯಷ್ಟು ಗಟ್ಟಿ! ಉಗುರಲ್ಲಿ ಒತ್ತಿದರೆ ಚೂರಾಗಿ ಉದುರಿತು. ಆ ಸೀಲಿನ ಬೆಲೆ ನಾವು ಮೂರು ದಿನ ಕುಡಿದ ಚಹಾದ ಲೆಕ್ಕಕ್ಕಿಂತ ಕಡಿಮೆ.

ನಿಮ್ಮ ಮೋಟಾರಿನಲ್ಲೂ ನನಗೆ ಮೊದಲ ಅನುಮಾನ ಆ ಸೀಲ್ ಮೇಲೇ. ಯಾಕೆ ಅಂದರೆ, ತಂಪು ಮಾಡುವ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಪಂಪ್ ಸೋತು ನೀರು ಕಡಿಮೆಯಾದರೆ ಸಾಮಾನ್ಯವಾಗಿ ಮೇಲಿನ ಸಿಲಿಂಡರ್ ಮೊದಲು ಕಾಯುತ್ತದೆ. ನಿಮ್ಮಲ್ಲಿ ಮೇಲಿನದು ಚೆನ್ನಾಗಿದೆ. ಪೆಟ್ರೋಲ್ ಅಥವಾ ಆಯಿಲ್ ತಪ್ಪಿದ್ದರೆ, ಕಾರ್ಬೊರೇಟರ್ ಒಂದೇ ಆದ್ದರಿಂದ, ಎರಡೂ ನರಳಬೇಕಿತ್ತು. ಕೆಳಗಿನದು ಮಾತ್ರ ಹೋಗಿದೆ ಅಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ಕಾರಣ ಹುಡುಕಬೇಕು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು ಆಮೇಲೆ ಸಿಲಿಂಡರಿಗೆ ಏರುತ್ತದೆ ಅಲ್ವಾ? ಕೆಳಗಿನ ಸೀಲ್ ಸವೆದಿದ್ದರೆ ಆ ಕೋಣೆಗೆ ಹೊರಗಿನ ಗಾಳಿ, ಹೊಗೆ, ಕೆಲವು ಸಲ ನೀರೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ತೆಳುವಾದರೆ ಜೊತೆಗಿರುವ ಆಯಿಲೂ ತೆಳು. ನಿಧಾನ ಹೋಗುವಾಗ ತಡೆದುಕೊಳ್ಳುತ್ತದೆ. ನಾಲ್ಕು ಮೂಟೆ ಹೊತ್ತು ಫುಲ್ ಕೊಟ್ಟಾಗ ತಡೆಯುವುದಿಲ್ಲ.

ಎರಡನೇ ಅನುಮಾನ ನೀರಿನ ದಾರಿ. ಕರಾವಳಿಯಲ್ಲಿ ಓಡಿದ ಮೋಟಾರ್, ಒಳಗೆ ಉಪ್ಪು ಕಟ್ಟಿರುತ್ತದೆ. ಮೇಲೆ ನಮ್ಮ ಹಿನ್ನೀರಿನ ಕೆಸರು ಬೇರೆ. ಹೆಡ್ ಬಿಚ್ಚಿದಾಗ ಕೆಳಗಿನ ಸಿಲಿಂಡರ್ ಸುತ್ತಲಿನ ನೀರಿನ ಸಂದಿಗೆ ತಂತಿ ಹಾಕಿ ನೋಡಿ.

ಪೆಟ್ರೋಲನ್ನೂ ನಾನು ಪೂರ್ತಿ ಬಿಟ್ಟುಕೊಡುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಬಹುತೇಕ ಇ20, ನೂರಕ್ಕೆ 20 ಭಾಗ ಎಥನಾಲ್. ಎಥನಾಲ್ ನೀರು ಕುಡಿಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ನಾಲ್ಕು ತಿಂಗಳು ಟ್ಯಾಂಕಿನಲ್ಲಿಟ್ಟರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯಬಹುದು. ಟೂ ಸ್ಟ್ರೋಕ್ ಆಯಿಲ್ ಆ ನೀರಿಗೆ ಸೇರುವುದಿಲ್ಲ, ಮೇಲಿನ ಪೆಟ್ರೋಲಲ್ಲೇ ಉಳಿಯುತ್ತದೆ. ಪೈಪ್ ಹೀರುವುದು ತಳದಿಂದ. ಅಂದರೆ ಎಂಜಿನ್ನಿಗೆ ಆಯಿಲ್ಲೇ ಇಲ್ಲ! ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ರಾತ್ರಿ ಇಡಿ. ಬೆಳಿಗ್ಗೆ ಅಡಿಯಲ್ಲಿ ಗೆರೆ ಕಂಡರೆ ಆ ಪೆಟ್ರೋಲ್ ಮತ್ತೆ ಯಾವ ಎಂಜಿನ್ನಿಗೂ ಹಾಕಬೇಡಿ, ಔಷಧಿ ಹೊಡೆಯುವ ಮಷಿನ್ನಿಗೂ ಬೇಡ. ಹಳೇ ರಬ್ಬರ್ ಪೈಪೂ ಇದಕ್ಕೆ ಮೆತ್ತಗಾಗುತ್ತದೆ, ಅದನ್ನೂ ಬದಲಿಸಿ.

ಬಿಚ್ಚುವ ಮುಂಚೆ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಡಿ. ಉಪ್ಪು ನೀರಿನ ಮೋಟಾರ್ ಬೋಲ್ಟ್ ಅವಸರ ಮಾಡಿದರೆ ಮುರಿದು ಬ್ಲಾಕಿನಲ್ಲೇ ಉಳಿಯುತ್ತದೆ. ಆಮೇಲೆ ನಿಮ್ಮ ಮೆಕ್ಯಾನಿಕ್ ಮಾತು ನಿಜವಾಗಿಬಿಡುತ್ತದೆ.

ಹೆಡ್ ತೆಗೆದ ಮೇಲೆ ಬೋರಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣದ ಸ್ಲೀವ್, ಒಳ್ಳೇ ಸುದ್ದಿ. ಗೀರು ಇರುವ ಕಡೆ ಉಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಬರೀ ಬೆಳ್ಳಿ ಬಣ್ಣದ ಮೆತ್ತು ಕಂಡರೆ ಬೋರ್ ಬಚಾವಾಗಬಹುದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಮ್ಯುರಿಯಾಟಿಕ್ ಆ್ಯಸಿಡ್ (ಹೈಡ್ರೋಕ್ಲೋರಿಕ್ ಆಮ್ಲ) ಆ ಮೆತ್ತಿಗೆ ಮಾತ್ರ ಹಚ್ಚಿ. ಅಲ್ಯೂಮಿನಿಯಂ ಇರುವವರೆಗೆ ನೊರೆ ಏಳುತ್ತದೆ, ಮುಗಿದ ಮೇಲೆ ನಿಲ್ಲುತ್ತದೆ. ಬ್ಲಾಕಿನ ಅಲ್ಯೂಮಿನಿಯಂ ಭಾಗಕ್ಕೆ ಒಂದು ಹನಿಯೂ ಬೀಳಬಾರದು. ಬಯಲಲ್ಲಿ ಮಾಡಿ, ಕೈಗವಸು, ಕನ್ನಡಕ ಬೇಕೇ ಬೇಕು. ಕೂಡಲೇ ನೀರಲ್ಲಿ ತೊಳೆದು ಎಣ್ಣೆ ಸವರದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಆಮೇಲೆ ಹೋನಿಂಗ್ (ಬೋರಿನ ಗೋಡೆಯನ್ನು ಕಲ್ಲಿನಿಂದ ಹದವಾಗಿ ಉಜ್ಜುವುದು), ಹೊಸ ಪಿಸ್ಟನ್, ರಿಂಗ್.

ಉಗುರು ಸಿಕ್ಕಿಕೊಂಡರೆ ಬೋರ್ ಮಾಡಿಸಲೇಬೇಕು. ಸಾಗರ, ಶಿವಮೊಗ್ಗದ ಲೇತ್‌ಗಳಲ್ಲಿ ಹಳೇ ಯೆಜ್ಡಿ, ಆರ್‌ಎಕ್ಸ್ 100 ಬ್ಲಾಕ್ ಬೋರ್ ಮಾಡಿ ಕೈ ಪಳಗಿದವರು ಇನ್ನೂ ಇದ್ದಾರೆ, ಅಂಥವರ ಹತ್ತಿರವೇ ಹೋಗಿ. ಆದರೆ ಮೊದಲು ಪಿಸ್ಟನ್ ತನ್ನಿ. 0.25 ಮಿ.ಮೀ. ಓವರ್‌ಸೈಜ್ ಸಿಗುತ್ತದೋ 0.50 ಸಿಗುತ್ತದೋ ನೋಡಿ, ಆ ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಬೋರ್ ಮಾಡಿಸಿ ಪಿಸ್ಟನ್ ಹುಡುಕಿಕೊಂಡು ಅಲೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಪಾರ್ಟ್ಸ್‌ಗೆ ಹೊನ್ನಾವರ, ಮಲ್ಪೆ ಕಡೆಯೇ ವಿಚಾರಿಸಿ. ಮೋಟಾರನ್ನು ದೋಣಿಗೆ ಕಚ್ಚಿಸುವ ಕಡೆ ಇರುವ ಪ್ಲೇಟಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಯಾಕೆಂದರೆ ಕರಾವಳಿಯಲ್ಲಿ ಸೀಮೆಎಣ್ಣೆಗೆ ಓಡುವ ಮೋಟಾರ್‌ಗಳೂ ಇವೆ, ಅವುಗಳ ಕಂಪ್ರೆಷನ್ನೇ ಬೇರೆ.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಯಾವ ಕಡೆ ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ರಿಂಗ್ ಬಾಯಿ ಪಿಸ್ಟನ್ ಕಚ್ಚಿನೊಳಗಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಿಲಿಂಡರ್ ಗೋಡೆಯ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಪಿನ್ ಹಿಡಿದಿಡುವ ಸರ್ಕ್ಲಿಪ್ ಹಳೇದು ಬೇಡ. ಎಂಜಿನ್ ಹೇಗೂ ಇಳಿಸಿರುತ್ತೀರಿ, ಕ್ರ್ಯಾಂಕಿನ ಮೇಲಿನ, ಕೆಳಗಿನ ಸೀಲ್ ಎರಡೂ, ನೀರಿನ ಪಂಪಿನ ಇಂಪೆಲ್ಲರೂ ಹೊಸದೇ ಹಾಕಿಸಿ.

ಮೊದಲ ಸಲ ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಿ. ನೀರಿಲ್ಲದೆ ಸುಮ್ನೆ ಒಂದು ಸಲ ನೋಡೋಣ ಅಂತ ಓಡಿಸಿದರೂ ಇಂಪೆಲ್ಲರ್ ರಬ್ಬರ್ ಸುಟ್ಟುಹೋಗುತ್ತದೆ. ಪೆಟ್ರೋಲಿಗೆ ಸೇರಿಸುವ ಆಯಿಲಿನ ಮಾಮೂಲಿ ಅಳತೆ ಮ್ಯಾನ್ಯುಯಲ್ ಹೇಳಿದ್ದೇ. ಬಹಳ ಮೋಟಾರ್‌ಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಮೊದಲ ಹತ್ತು ಗಂಟೆ ಅದರ ಎರಡರಷ್ಟು ಹಾಕಿ. ಮುಚ್ಚಳದ ಅಂದಾಜು ಬೇಡ. ಬೈಕಿನ 2ಟಿ ಆಯಿಲೂ ಬೇಡ, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವುದೇ ನೀರಿನ ಮೋಟಾರಿಗೆ.

ಪ್ರಶ್ನೆ: ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಮೋಟಾರ್ ಏನೋ ಗುದ್ದಿತು. ಈಗ ಎಂಜಿನ್ ಜೋರಾಗಿ ಓಡುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಗೇರ್ ಹೋಯಿತಾ?

ಉತ್ತರ: ಇರಲಿಕ್ಕಿಲ್ಲ. ಹಿನ್ನೀರಲ್ಲಿ ಮುಳುಗಿರುವ ಹಳೇ ಮಡೆನೂರು ಡ್ಯಾಂ ನೀರಿನಿಂದ ತಲೆ ಎತ್ತುವ ಹೊತ್ತಿಗೆ ಮುಳುಗಿದ ಕಾಡಿನ ಬೊಡ್ಡೆಗಳೂ ಎಲ್ಲೆಂದರಲ್ಲಿ ಏಳುತ್ತವೆ. ಸಣ್ಣ ಮೋಟಾರಾದರೆ ಫ್ಯಾನಿನ (ಪ್ರೊಪೆಲ್ಲರ್) ಹಿಂದಿನ ಪಿನ್ ಮುರಿದಿರುತ್ತದೆ. ಗೇರ್ ಉಳಿಸಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಪಿನ್ ಇಲ್ಲದ ಮೋಟಾರಾದರೆ ಫ್ಯಾನಿನ ಒಳಗಿನ ರಬ್ಬರ್ ಜಾರುತ್ತಿರಬಹುದು. ನಡುವಿನ ಲೋಹಕ್ಕೂ ಹೊರಗಿನ ಫ್ಯಾನಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದು ನೀರಲ್ಲಿ ಓಡಿಸಿ. ಗೆರೆ ಎರಡಾಗಿದ್ದರೆ ರಬ್ಬರ್ ಹೋಗಿದೆ. ಪಿನ್ ಮುರಿದಿದ್ದರೆ ಅದೇ ಅಳತೆಯದು ಹಾಕಿ, ಎರಡು ಹೆಚ್ಚಿಗೆ ದೋಣಿಯಲ್ಲಿಡಿ. ಆ ಜಾಗಕ್ಕೆ ಕಬ್ಬಿಣದ ಮೊಳೆ ಬಡಿದುಕೊಂಡು ಬಂದವರ ಗೇರ್ ಬಾಕ್ಸ್ ನಾನು ಇದೇ ಬೇಸಿಗೆಯಲ್ಲಿ ಎರಡು ಬಿಚ್ಚಿದ್ದೇನೆ.