ತಪ್ಪಲಿನ ದಾರಿಯಲ್ಲಿ ಸೈಕಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರದ ಅಂಚಿನಲ್ಲಿರುವ ಬೆಟ್ಟದ ತಪ್ಪಲಿನಲ್ಲಿ ಮೌಂಟನ್ ಬೈಕ್ ಓಡಿಸುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಒಂದು ಪತ್ರ ಅದೇ ದಾರಿಯಲ್ಲಿ ನಡೆದಾಡುವ ಹಿರಿಯರೊಬ್ಬರದು. ಅದಕ್ಕೆ ಕೊಟ್ಟಿರುವ ಉತ್ತರವನ್ನು ಸವಾರರು ತಪ್ಪದೆ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಡಾಂಬರು ರಸ್ತೆಯಲ್ಲಿ ಹಲವು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ, ಏರು ಹತ್ತುವುದು ನನಗೆ ಕಷ್ಟವಲ್ಲ. ಆದರೆ ತಪ್ಪಲಿನ ಕಾಲುದಾರಿಯಲ್ಲಿ ಇಳಿಯುವಾಗ ಭಯವಾಗುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಮೇಲಿಂದ ಮುಗ್ಗರಿಸಿ ಬೀಳುತ್ತೇನೆಂದು ಹಿಂದಿನದನ್ನು ಮಾತ್ರ ಹಿಡಿಯುತ್ತೇನೆ. ಆಗ ಹಿಂದಿನ ಚಕ್ರ ಜಾರುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಏನು ಮಾಡಲಿ?

ಉತ್ತರ: ಬ್ರೇಕ್ ಹಿಡಿದ ಕ್ಷಣದಲ್ಲಿ ಸವಾರನ ಮತ್ತು ಸೈಕಲ್ಲಿನ ಭಾರ ಮುಂದಕ್ಕೆ ಸರಿಯುತ್ತದೆ. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಕ್ಕೆ ವಾಲಿರುವುದರಿಂದ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುವ ಬಲ ಇನ್ನಷ್ಟು ಕಡಿಮೆಯಾಗಿ, ಸ್ವಲ್ಪ ಬ್ರೇಕಿಗೇ ಅದು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಭಾರ ಬಿದ್ದಿರುವುದು ಮುಂದಿನ ಚಕ್ರದ ಮೇಲಾದ್ದರಿಂದ ಸೈಕಲ್ಲನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲೇ ಇರುತ್ತದೆ. ಅದನ್ನು ಬಳಸದೆ ಇಳಿಯುತ್ತೇನೆಂದರೆ, ಇರುವ ಎರಡು ಬ್ರೇಕುಗಳಲ್ಲಿ ಹೆಚ್ಚು ಬಲವಾದುದನ್ನು ಮನೆಯಲ್ಲಿ ಬಿಟ್ಟುಬಂದ ಹಾಗಾಗುತ್ತದೆ.

ಮುಗ್ಗರಿಸುವ ಭಯ ಆಧಾರವಿಲ್ಲದ್ದಲ್ಲ. ಆದರೆ ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಬ್ರೇಕಿಗಿಂತ ಸವಾರ ಕುಳಿತಿರುವ ಭಂಗಿ. ಸೀಟಿನ ಮೇಲೆ ಕುಳಿತೇ, ತೋಳುಗಳನ್ನು ಬಿಗಿಯಾಗಿ ಚಾಚಿ, ಕೈಗಳ ಮೇಲೆ ಮೈಭಾರ ಹಾಕಿ ಇಳಿಯುವವರು ಬ್ರೇಕ್ ಹಿಡಿದಾಗ ಹ್ಯಾಂಡಲ್ಲಿನ ಮೇಲೆ ಬೀಳುವುದು ಸಹಜ. ಇಳಿಜಾರು ಆರಂಭವಾಗುವ ಮೊದಲೇ ಸೀಟನ್ನು ತಗ್ಗಿಸಿಕೊಳ್ಳಿ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ತಗ್ಗುವ ಸೀಟ್‌ಪೋಸ್ಟ್ ಇಲ್ಲದಿದ್ದರೆ ಇಳಿದು ಕೈಯಿಂದಲೇ ತಗ್ಗಿಸಬಹುದು. ಪೆಡಲುಗಳೆರಡೂ ನೆಲಕ್ಕೆ ಸಮಾಂತರವಾಗಿರುವಂತೆ ನಿಂತು, ಹಿಮ್ಮಡಿಗಳನ್ನು ಕೆಳಕ್ಕೆ ಒತ್ತಿ, ಮಂಡಿಗಳನ್ನೂ ಮೊಣಕೈಗಳನ್ನೂ ಮಡಿಸಿಕೊಂಡು, ಸೊಂಟವನ್ನು ಒಂದಿಷ್ಟು ಹಿಂದಕ್ಕೆ ತನ್ನಿ. ಮೈಭಾರ ಪೂರ್ತಿಯಾಗಿ ಪಾದಗಳ ಮೇಲಿರಬೇಕು. ಸೊಂಟವನ್ನು ತೀರ ಹಿಂದಕ್ಕೆ ಒಯ್ದು ಹಿಂದಿನ ಚಕ್ರದ ಮೇಲೆ ತೂಗಾಡುವುದೂ ತಪ್ಪು: ಆಗ ಮುಂದಿನ ಚಕ್ರಕ್ಕೆ ಭಾರವಿಲ್ಲದೆ ಅದು ನೀವು ತಿರುಗಿಸಿದತ್ತ ಹೋಗುವುದಿಲ್ಲ.

ಬ್ರೇಕ್ ಹಿಡಿಯಲು ತೋರುಬೆರಳೊಂದು ಸಾಕು. ಉಳಿದ ಬೆರಳುಗಳು ಹ್ಯಾಂಡಲ್ಲನ್ನು ಹಿಡಿದಿರಲಿ. ಲಿವರನ್ನು ಒಮ್ಮೆಲೇ ಸೆಳೆಯದೆ ಕ್ರಮವಾಗಿ ಒತ್ತಡ ಹೆಚ್ಚಿಸುತ್ತ ಹೋಗಿ. ಟೈರಿಗೆ ನೆಲದ ಮೇಲಿರುವ ಹಿಡಿತ ಒಂದು ಮಿತಿಯದು. ಅದನ್ನು ನಿಧಾನಿಸಲು ಖರ್ಚು ಮಾಡಿದಷ್ಟೂ ತಿರುಗಲು ಉಳಿಯುವುದು ಕಡಿಮೆ. ಆದ್ದರಿಂದ ತಿರುವಿನ ಮೊದಲು, ದಾರಿ ನೇರವಾಗಿರುವಾಗಲೇ, ಬೇಕಾದಷ್ಟು ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಬಹುಮಟ್ಟಿಗೆ ಸಡಿಲಿಸಿಬಿಡಬೇಕು. ತಪ್ಪಲಿನ ದಾರಿಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ, ಏಕೆಂದರೆ ಬಿಸಿಲಿಗೆ ಗಟ್ಟಿಯಾದ ನೆಲದ ಮೇಲೆ ಬೆಟ್ಟದಿಂದ ಉರುಳಿಬಂದ ಗರಸು ಹರಡಿಕೊಂಡಿರುವ ಕಡೆಗಳಲ್ಲಿ ಆ ಸಣ್ಣ ಕಲ್ಲುಗಳು ಟೈರಿನಡಿಯಲ್ಲಿ ಹೊರಳಿ ಹಿಡಿತವನ್ನು ತಪ್ಪಿಸುತ್ತವೆ. ಕಣ್ಣು ಮುಂದಿನ ಚಕ್ರದ ಮೇಲಿರದೆ ನೀವು ಹೋಗಬೇಕಾದ ಕಡೆಗೆ, ಹಲವು ಮಾರು ದೂರಕ್ಕೆ, ನೆಟ್ಟಿರಲಿ. ಕಲ್ಲನ್ನೇ ನೋಡುತ್ತ ಹೋದವರು ಆ ಕಲ್ಲಿಗೇ ಹೋಗಿ ತಾಗುತ್ತಾರೆ.

ದೀರ್ಘ ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರುವ ಅಭ್ಯಾಸ ಬೇಡ. ಡಿಸ್ಕ್ ಕಾದು ಹಿಡಿತ ಕುಗ್ಗುತ್ತದೆ. ಬಿಸಿ ಅತಿಯಾದರೆ ಹೈಡ್ರಾಲಿಕ್ ದ್ರವವೂ ಕುದಿದು ಲಿವರ್ ಮೆತ್ತಗಾಗುತ್ತದೆ. ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು, ಮತ್ತೆ ಹಿಡಿಯಿರಿ. ಈ ಸಮಸ್ಯೆಗೆ ಮೌಂಟನ್ ಬೈಕಿನಷ್ಟೇ ವಯಸ್ಸಾಗಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟವೊಂದರಲ್ಲಿ 1976ರಲ್ಲಿ ಆರಂಭವಾದ ಇಳಿಜಾರಿನ ಓಟಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಂದುದೇ ಇದರಿಂದ: ಹಿಮ್ಮುಖವಾಗಿ ಪೆಡಲ್ ಒತ್ತಿದರೆ ಹಿಡಿಯುವ ಹಳೆಯ ಹಬ್ ಬ್ರೇಕುಗಳೊಳಗಿನ ಗ್ರೀಸು ಒಂದೇ ಇಳಿಕೆಯಲ್ಲಿ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು.

ಇಷ್ಟನ್ನೂ ಮೊದಲು ಬೆಟ್ಟದಲ್ಲಿ ಪ್ರಯತ್ನಿಸಬೇಡಿ. ಸಮತಟ್ಟಾದ ಮಣ್ಣಿನ ಬಯಲಿನಲ್ಲಿ ಒಂದು ಗೆರೆ ಎಳೆದು, ಸಾಧಾರಣ ವೇಗದಲ್ಲಿ ಬಂದು, ಮುಂದಿನ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ಬಳಸಿ ಗೆರೆಯ ಹತ್ತಿರ ನಿಲ್ಲುವುದನ್ನು ಅಭ್ಯಾಸ ಮಾಡಿ. ಆ ಬ್ರೇಕು ಎಷ್ಟು ಒತ್ತಡಕ್ಕೆ ಎಷ್ಟು ಹಿಡಿಯುತ್ತದೆಂಬುದು ಬೆರಳಿಗೆ ತಿಳಿದ ಮೇಲೆ ಭಯದ ಬಹುಪಾಲು ತಾನಾಗಿಯೇ ಹೋಗುತ್ತದೆ.

ಪ್ರಶ್ನೆ: ನನ್ನಲ್ಲಿ ಡಾಂಬರು ರಸ್ತೆಗೂ ಮಣ್ಣುರಸ್ತೆಗೂ ಆಗುವಂಥ ಹೈಬ್ರಿಡ್ ಸೈಕಲ್ ಇದೆ. ತಪ್ಪಲಿನ ದಾರಿಗೆ ಅದು ಸಾಕೇ, ಅಥವಾ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ (ನೆಲದ ಕುಲುಕಾಟ ತಗ್ಗಿಸುವ ಏರ್ಪಾಡು) ಇರುವ ಮೌಂಟನ್ ಬೈಕನ್ನೇ ಕೊಳ್ಳಬೇಕೇ?

ಉತ್ತರ: ಕಾಳ್ಗಿಚ್ಚು ತಡೆಯುವ ಸಿಬ್ಬಂದಿಯ ವಾಹನಗಳಿಗಾಗಿ ಮಾಡಿದ ಅಗಲವಾದ ಮಣ್ಣುರಸ್ತೆಯವರೆಗೆ ಹೈಬ್ರಿಡ್ ಸಾಕು. ಒಬ್ಬರೇ ಹೋಗುವಷ್ಟು ಅಗಲದ, ಕಲ್ಲು ಬೇರುಗಳಿರುವ ದಾರಿಗೆ ಅದರ ಸಪೂರ ಟೈರು ಸಾಲದು. ಹಾಗೆಂದು ಹಿಂಬದಿಯ ಸಸ್ಪೆನ್ಷನ್ ಅಗತ್ಯವೆಂದೂ ನನಗೆ ಅನಿಸುವುದಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಹಗುರ, ಸರ್ವೀಸ್ ಮಾಡಲು ಸುಲಭ, ಕಲಿಯುವವರಿಗೆ ನೆಲ ಹೇಗಿದೆಯೆಂಬುದನ್ನು ನೇರವಾಗಿ ತಿಳಿಸುತ್ತದೆ. ಉಳಿದ ಹಣವನ್ನು ಒಳ್ಳೆಯ ಬ್ರೇಕು ಮತ್ತು 2.2ರಿಂದ 2.4 ಇಂಚು ಅಗಲದ ಟೈರುಗಳಿಗೆ ಹಾಕಿ. ಏರು ಹತ್ತಲು ಹಗುರವಾದ ಗೇರು ಇರಬೇಕು. ಮುಂದೆ 32 ಹಲ್ಲುಗಳ ಒಂದೇ ಹಲ್ಲುಚಕ್ರ, ಹಿಂದೆ 50ರ ಆಸುಪಾಸಿನ ದೊಡ್ಡ ಹಲ್ಲುಚಕ್ರವಿರುವ ಜೋಡಿ ಈಗ ಸಾಮಾನ್ಯವಾಗಿದ್ದು, ಕಡಿದಾದ ಏರಿನಲ್ಲೂ ಕುಳಿತೇ ತುಳಿಯಲು ಅದು ಅನುವಾಗುತ್ತದೆ.

ರಸ್ತೆ ಸೈಕಲ್ಲಿನಿಂದ ಬಂದವರು ಟೈರಿಗೆ ತೀರ ಹೆಚ್ಚು ಗಾಳಿ ತುಂಬುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಸುತ್ತ ಬಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ತೀರ ಕಡಿಮೆಯಾದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತುಗಳಾಗುತ್ತವೆ. ಎಪ್ಪತ್ತು ಕಿಲೋ ತೂಕದವರು ಟ್ಯೂಬ್ ಇರುವ ಟೈರಿಗೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಟ್ಯೂಬ್‌ಲೆಸ್ ಆದರೆ 25 ಪಿಎಸ್‌ಐ ಆಸುಪಾಸಿನಿಂದ ಆರಂಭಿಸಿ, ಒಂದೊಂದೇ ಪಿಎಸ್‌ಐ ಏರಿಸಿ ಇಳಿಸಿ ನೋಡುವುದು ಉತ್ತಮ.

ಪ್ರಶ್ನೆ: ನಾನು ಸೈಕಲ್ ಓಡಿಸುವವನಲ್ಲ. ನಿವೃತ್ತನಾದ ಮೇಲೆ ದಿನವೂ ಬೆಳಿಗ್ಗೆ ಪತ್ನಿಯೊಂದಿಗೆ ತಪ್ಪಲಿನ ದಾರಿಯಲ್ಲಿ ನಡೆಯುತ್ತೇನೆ. ಯುವಕರು ಹಿಂದಿನಿಂದ ಸದ್ದಿಲ್ಲದೆ ಬಂದು ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತಾರೆ. ದಾರಿ ಬಿಡಬೇಕಾದವರು ಯಾರು?

ಉತ್ತರ: ಮಾನ್ಯರೇ, ದಾರಿ ಬಿಡಬೇಕಾದವರು ಸೈಕಲ್ ಸವಾರರು. ಎಲ್ಲರೂ ಬಳಸುವ ದಾರಿಗಳಲ್ಲಿ ಬಹುತೇಕ ಎಲ್ಲೆಡೆ ಒಪ್ಪಿಕೊಂಡಿರುವ ಕ್ರಮವೆಂದರೆ, ಬೇರೆ ಸೂಚನಾಫಲಕ ಇಲ್ಲದಿದ್ದಲ್ಲಿ ಸೈಕಲ್ ಸವಾರರು ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಸೈಕಲ್ ಸವಾರರಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಕಡಿದಾದ ಏರಿನಲ್ಲಿ ಒಮ್ಮೆ ನಿಂತವರು ಮತ್ತೆ ಹೊರಡುವುದು ಕಷ್ಟ ಎಂಬುದು ಎರಡನೆಯ ನಿಯಮದ ಹಿಂದಿರುವ ಕಾರಣ. ಈ ವಿಷಯದಲ್ಲಿ ನಾನು ಪೂರ್ತಿಯಾಗಿ ನಿಮ್ಮ ಪಕ್ಷದಲ್ಲಿದ್ದೇನೆ, ಏಕೆಂದರೆ ಘರ್ಷಣೆಯಾದರೆ ಹೆಚ್ಚು ಪೆಟ್ಟು ಬೀಳುವುದು ನಡೆಯುವವರಿಗೆ, ಅದನ್ನು ತಪ್ಪಿಸುವ ಶಕ್ತಿ ಹೆಚ್ಚಾಗಿ ಇರುವುದು ಸವಾರರ ಕೈಯಲ್ಲಿ.

ಸವಾರರಿಗೆ ಹೇಳುವುದಿಷ್ಟು. ಹ್ಯಾಂಡಲ್ಲಿಗೆ ಒಂದು ಗಂಟೆ ಕಟ್ಟಿಕೊಳ್ಳಿ, ಸಾಕಷ್ಟು ದೂರದಿಂದಲೇ ಅದನ್ನು ಬಾರಿಸಿ; ಹತ್ತಿರ ಬಂದ ಮೇಲೆ ಬಾರಿಸಿದರೆ ಜನ ಬೆಚ್ಚಿಬಿದ್ದು ಅತ್ತಿತ್ತ ಸರಿಯುತ್ತಾರೆ. ನಡಿಗೆಯ ವೇಗಕ್ಕೆ ಇಳಿದು, ಹಿಂದೆ ಇನ್ನೆಷ್ಟು ಜನ ಸವಾರರು ಬರುತ್ತಿದ್ದಾರೆಂದು ತಿಳಿಸಿ, ಅವರು ನಿಮ್ಮನ್ನು ಕಂಡಿದ್ದಾರೆಂದು ಖಚಿತವಾದ ಮೇಲೆಯೇ ದಾಟಿ. ದಾರಿ ಕಿರಿದಾಗಿದ್ದರೆ ಒಂದು ಕಾಲನ್ನು ನೆಲಕ್ಕೂರಿ ನಿಲ್ಲಿ. ಕುದುರೆ ಎದುರಾದಾಗ ನಿಂತು, ಸವಾರರೊಂದಿಗೆ ಮಾತನಾಡಿ. ಮನುಷ್ಯರ ಧ್ವನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ. ಮುಂದೇನಿದೆಯೆಂದು ಕಾಣದ ತಿರುವಿನಲ್ಲಿ, ಕಾಣುವ ದೂರದ ಅರ್ಧದೊಳಗೆ ನಿಲ್ಲಬಲ್ಲಷ್ಟೇ ವೇಗವಿರಬೇಕು, ಏಕೆಂದರೆ ಎದುರಿನಿಂದ ಇನ್ನೊಬ್ಬ ಸವಾರನೂ ಅದೇ ವೇಗದಲ್ಲಿ ಬರುತ್ತಿರಬಹುದು.

ನಿಮ್ಮ ಕಡೆಯಿಂದ ಆಗಬಹುದಾದದ್ದೂ ಇದೆ. ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕಿಕೊಳ್ಳದಿರುವುದು, ನಾಯಿಯನ್ನು ಉದ್ದನೆಯ ಹಗ್ಗದಲ್ಲಿ ದಾರಿಗೆ ಅಡ್ಡವಾಗಿ ಬಿಡದಿರುವುದು ಇಬ್ಬರಿಗೂ ಒಳ್ಳೆಯದು. ಜನಸಂದಣಿ ಮಿತಿಮೀರಿದ ಕಡೆ ಸೌಜನ್ಯದಿಂದ ಮಾತ್ರ ಪರಿಹಾರ ಸಿಗುವುದಿಲ್ಲ, ಆಡಳಿತವೇ ಏರ್ಪಾಡು ಮಾಡಬೇಕಾಗುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪಕ್ಕದ ಮಿಲ್‌ಕ್ರೀಕ್ ಕಣಿವೆಯ ಮೇಲ್ಭಾಗದ ದಾರಿಗಳಲ್ಲಿ ಸಮಸಂಖ್ಯೆಯ ದಿನಾಂಕಗಳಂದು ಮಾತ್ರ ಸೈಕಲ್ಲಿಗೆ ಅವಕಾಶವಿದೆ. ನೆಮ್ಮದಿಯಿಂದ ನಡೆಯಬಯಸುವವರು ಬೆಸಸಂಖ್ಯೆಯ ದಿನಗಳನ್ನು ಆಯ್ದುಕೊಳ್ಳುತ್ತಾರೆ. ನಿಮ್ಮ ದಾರಿಯನ್ನು ನೋಡಿಕೊಳ್ಳುವ ಇಲಾಖೆಗೆ ಇಂಥ ಏರ್ಪಾಡನ್ನು ಸೂಚಿಸಿ ಬರೆಯಿರಿ. ಸವಾರರ ಸಂಘವೊಂದು ಇದ್ದರೆ ಅದರ ಸಹಿಯೂ ಆ ಪತ್ರದಲ್ಲಿರಲಿ.

ಪ್ರಶ್ನೆ: ಮಳೆ ಬಿದ್ದ ಎಷ್ಟು ದಿನಗಳ ಬಳಿಕ ದಾರಿಗೆ ಇಳಿಯಬಹುದು? ಇನ್ನೊಂದು ಸಂದೇಹ: ಸುತ್ತಿ ಸುತ್ತಿ ಹೋಗುವ ದಾರಿಯನ್ನು ಬಿಟ್ಟು ಕೆಲವರು ನೇರವಾಗಿ ಇಳಿದು ಒಳದಾರಿ ಮಾಡಿಕೊಂಡಿದ್ದಾರೆ. ಇದರಿಂದ ನಿಜಕ್ಕೂ ಹಾನಿಯಿದೆಯೇ?

ಉತ್ತರ: ದಿನಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮರಳು ಮಿಶ್ರಿತ ಮಣ್ಣು ಬೇಗನೆ ನೀರು ಬಸಿದುಕೊಂಡು ಮಳೆಯ ನಂತರ ಇನ್ನಷ್ಟು ಗಟ್ಟಿಯಾಗಿಯೇ ಇರಬಹುದು. ಜೇಡಿಮಣ್ಣು ಹಲವು ದಿನ ಮೆತ್ತಗಿರುತ್ತದೆ. ಒಂದೇ ದಾರಿಯಲ್ಲಿ ಬಿಸಿಲು ಬೀಳುವ ಮಗ್ಗುಲು ಒಣಗಿ, ನೆರಳಿನ ಮಗ್ಗುಲು ಒದ್ದೆಯಾಗಿಯೇ ಉಳಿಯುವುದೂ ಉಂಟು. ನಂಬಬಹುದಾದ ಪರೀಕ್ಷೆ ಇಷ್ಟೇ: ಹಿಂದಿರುಗಿ ನೋಡಿದಾಗ ನಿಮ್ಮ ಟೈರಿನ ಗುರುತು ನೆಲದಲ್ಲಿ ಆಳವಾಗಿ ಮೂಡಿದ್ದರೆ, ಅಥವಾ ಚಕ್ರಕ್ಕೆ ಕೆಸರು ಅಂಟಿ ಬರುತ್ತಿದ್ದರೆ, ಅಲ್ಲಿಂದಲೇ ಹಿಂದಕ್ಕೆ ತಿರುಗಿ. ಆ ಗುರುತು ಒಣಗಿ ಗಟ್ಟಿಯಾದ ಮೇಲೆ ಮುಂದಿನ ಮಳೆಯ ನೀರಿಗೆ ಅದೇ ಕಾಲುವೆಯಾಗುತ್ತದೆ. ನೀರು ಅದರಲ್ಲಿ ವೇಗ ಪಡೆದು ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಒಂದೆರಡು ಮಳೆಗಾಲಗಳಲ್ಲಿ ದಾರಿ ಕೊರಕಲಾಗಿಬಿಡುತ್ತದೆ. ದಾರಿ ಒಟ್ಟಾರೆ ಗಟ್ಟಿಯಾಗಿದ್ದು ನಡುವೆ ಒಂದೆರಡು ಕಡೆ ಮಾತ್ರ ನೀರು ನಿಂತಿದ್ದರೆ ಅದರ ಮಧ್ಯದಲ್ಲಿಯೇ ಹಾದುಹೋಗಿ. ಬಟ್ಟೆಗೆ ಕೆಸರು ಸಿಡಿಯಬಾರದೆಂದು ಎಲ್ಲರೂ ಪಕ್ಕದಿಂದ ಸುತ್ತಿಹೋಗುವುದರಿಂದ ಅಂಚಿನ ಹುಲ್ಲು ಸತ್ತು ಕಾಲುದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗುತ್ತದೆ.

ಒಳದಾರಿಯ ಹಾನಿಯೂ ಇದೇ ಬಗೆಯದು, ಆದರೆ ಇನ್ನೂ ತೀವ್ರ. ಸುತ್ತಿ ಹೋಗುವಂತೆ ದಾರಿ ಕಡಿದವರು ಸವಾರರ ಸಮಯ ಹಾಳುಮಾಡಲು ಹಾಗೆ ಮಾಡಿದ್ದಲ್ಲ. ದಾರಿಯ ಇಳಿಜಾರು ಸರಾಸರಿ ಶೇಕಡಾ 10ನ್ನು (ನೂರು ಅಡಿ ದೂರಕ್ಕೆ ಹತ್ತು ಅಡಿ ಇಳಿಕೆ) ಮೀರಬಾರದು, ಮತ್ತು ಅದು ಹಾದುಹೋಗುವ ಗುಡ್ಡದ ಮಗ್ಗುಲಿನ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ದಾರಿ ನಿರ್ಮಿಸುವವರು ಪಾಲಿಸುವ ಸೂತ್ರ. ಶೇಕಡಾ 16 ಇಳಿಜಾರಿರುವ ಮಗ್ಗುಲಿನಲ್ಲಿ ದಾರಿಯದು 8ರೊಳಗಿದ್ದರೆ ಮೇಲಿನಿಂದ ಬಂದ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಕೆಳಗಿನ ಹುಲ್ಲಿನಲ್ಲಿ ಇಂಗುತ್ತದೆ. ನೇರವಾಗಿ ಇಳಿಯುವ ಒಳದಾರಿಯಲ್ಲಾದರೆ ನೀರಿಗೆ ಹೊರಗೆ ಹೋಗಲು ಎಡೆಯೇ ಇಲ್ಲದೆ ದಾರಿಯುದ್ದಕ್ಕೂ ಹರಿಯುತ್ತದೆ. ಅಂಥಲ್ಲಿ ಸವಾರರು ಬ್ರೇಕ್ ಹಿಡಿದು ಜಾರುವುದರಿಂದ ಮೇಲ್ಮಣ್ಣು ಸಡಿಲವಾಗಿ ಕೊರಕಲು ಇನ್ನೂ ಬೇಗ ಆಳವಾಗುತ್ತದೆ. ಇದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ತಪ್ಪಲಿನ ತೆಳುವಾದ ಮಣ್ಣು ಒಮ್ಮೆ ಹೋದರೆ ನಮ್ಮ ಆಯುಷ್ಯದಲ್ಲಿ ಮರಳಿ ಕೂಡುವಂಥದ್ದಲ್ಲ. ಒಳದಾರಿಯ ಬಾಯಿಗೆ ಒಣಕೊಂಬೆಗಳನ್ನು ಹಾಕಿ ಮುಚ್ಚುವ ಕೆಲಸವನ್ನೂ ನೀವೊಬ್ಬರೇ ಮಾಡದೆ, ದಾರಿಯ ಹೊಣೆ ಹೊತ್ತವರಿಗೆ ತಿಳಿಸಿ, ಅವರು ಕರೆದಾಗ ಗುದ್ದಲಿ ಹಿಡಿದು ಹೋಗಿ. ವೇಗವಾಗಿ ಬರುವ ಸವಾರನಿಗೆ ಅನಿರೀಕ್ಷಿತವಾಗಿ ಎದುರಾಗುವ ಕೊಂಬೆ ಅಪಾಯಕಾರಿ.

ಪ್ರಶ್ನೆ: ಹದಿನಾಲ್ಕು ವರ್ಷದ ನನ್ನ ಮಗ ಶಾಲೆ ಬಿಟ್ಟ ಮೇಲೆ ಗೆಳೆಯನೊಂದಿಗೆ ತಪ್ಪಲಿನ ದಾರಿಗೆ ಹೋಗುತ್ತಾನೆ. ತಡೆಯಲು ಮನಸ್ಸಿಲ್ಲ, ಆದರೆ ಬರುವವರೆಗೆ ಜೀವ ನಿಲ್ಲುವುದಿಲ್ಲ. ಯಾವ ಕಟ್ಟುಪಾಡುಗಳನ್ನು ಹಾಕಲಿ?

ಉತ್ತರ: ತಡೆಯದಿರುವ ನಿಮ್ಮ ನಿರ್ಧಾರ ಸರಿಯಾಗಿದೆ, ತಾಯೀ. ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುತ್ತಾನೆಂದು ಹೇಳಿ ಹೊರಡಲಿ, ಹೇಳಿದ ದಾರಿಯನ್ನು ನಡುವೆ ಬದಲಿಸದಿರಲಿ. ಕತ್ತಲಾಗುವುದಕ್ಕೆ ಮೊದಲು ಕೆಳಗೆ ಇಳಿದಿರಬೇಕು. ಮುಸ್ಸಂಜೆ ಕಾಡುಪ್ರಾಣಿಗಳು ಓಡಾಡುವ ಹೊತ್ತು, ಕಲ್ಲು ಗುಂಡಿಗಳು ಕಾಣದ ಹೊತ್ತು ಕೂಡ. ಗುಡುಗು ಕೇಳಿದ ಕೂಡಲೇ ಏರುವುದನ್ನು ನಿಲ್ಲಿಸಿ ದಿಬ್ಬದಿಂದ ಇಳಿದು ಮನೆಗೆ ಬರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹೊರಡಬಾರದು. ನೀರು, ಪಂಪು, ಹೆಚ್ಚುವರಿ ಟ್ಯೂಬು, ಸಣ್ಣ ಸಲಕರಣೆಗಳ ಕಟ್ಟು ಚೀಲದಲ್ಲಿರಲಿ, ಪಂಕ್ಚರು ತಿದ್ದುವುದನ್ನು ಮನೆಯಂಗಳದಲ್ಲಿಯೇ ಕಲಿತಿರಲಿ.

ಹೆಲ್ಮೆಟ್ ಹಣೆಯ ಮೇಲೆ ಹುಬ್ಬಿಗಿಂತ ಎರಡು ಬೆರಳು ಎತ್ತರದಲ್ಲಿ ಕುಳಿತು ಅಲುಗದಂತಿರಬೇಕು. ಒಮ್ಮೆ ಬಲವಾದ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ, ಏಕೆಂದರೆ ಒಳಗಿನ ಫೋಮು ಒಂದೇ ಪೆಟ್ಟನ್ನು ತಾಳಿಕೊಳ್ಳಲು ಮಾಡಿರುವಂಥದ್ದು. ತಲೆಗೆ ಪೆಟ್ಟಾದ ಮೇಲೆ ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇವುಗಳಲ್ಲಿ ಒಂದು ಕಂಡರೂ ಆ ದಿನ ಸೈಕಲ್ ಹತ್ತದೆ ವೈದ್ಯರ ಬಳಿಗೆ ಹೋಗಬೇಕೆಂಬುದು ಮಗನಿಗೂ ಅವನ ಗೆಳೆಯನಿಗೂ ತಿಳಿದಿರಲಿ.

ನಗರ ಹತ್ತಿರದಲ್ಲಿಯೇ ಕಾಣುವುದರಿಂದ ಸಹಾಯವೂ ಹತ್ತಿರದಲ್ಲಿದೆ ಎಂದು ಹುಡುಗರು ನಂಬಿಬಿಡುತ್ತಾರೆ. ಆದರೆ ದಿಬ್ಬದ ಮೇಲೆ ಸಿಗುವ ಮೊಬೈಲ್ ಸಿಗ್ನಲ್ ಕೆಳಗಿನ ಹಳ್ಳದಲ್ಲಿ ಸಿಗದೆ ಹೋಗಬಹುದು, ಸಿಕ್ಕಿದರೂ ‘ಬೆಟ್ಟದ ದಾರಿಯಲ್ಲಿದ್ದೇವೆ’ ಎಂದರೆ ಬರುವವರಿಗೆ ಏನೂ ತಿಳಿಯುವುದಿಲ್ಲ. ದಾರಿ ಕವಲೊಡೆಯುವ ಪ್ರತಿಯೊಂದು ಜಾಗದ ಕಂಬದ ಸಂಖ್ಯೆಯನ್ನೋ ಹೆಸರನ್ನೋ ಗಮನಿಸುತ್ತ ಹೋಗುವ ರೂಢಿ ಮಾಡಿಸಿ. ಅಂಥ ಕಂಬಗಳಿಲ್ಲದ ದಾರಿಯಾದರೆ, ಮುಂದಿನ ರಜೆಯ ದಿನ ನೀವೂ ಅವನೊಂದಿಗೆ ಒಮ್ಮೆ ನಡೆದುಹೋಗಿ, ಕವಲುಗಳನ್ನು ಗುರುತಿಸಿದ ನಕ್ಷೆಯೊಂದನ್ನು ಇಬ್ಬರೂ ಕೂಡಿ ಬರೆದು, ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ಅವನ ಚೀಲದಲ್ಲಿಯೂ ಇಡಿ.