ಭದ್ರಾ ನೀರುಣ್ಣುವ ಗದ್ದೆ ಸವಳಾದರೆ ಸರ್ಕಾರದ ದುಡ್ಡು ಸಿಗುತ್ತಾ?

ಗದ್ದೆ ಸವಳಾಗುವುದು ಅಂದರೆ ಮಣ್ಣಿನ ಮೇಲೆ ಉಪ್ಪು ಸೇರುವುದು. ಆ ಉಪ್ಪು ಭದ್ರಾ ಡ್ಯಾಮಿನಲ್ಲಿಲ್ಲ. ಮಲೆನಾಡಿನ ಮಳೆ ತುಂಬಿಸುವ ನೀರು ಸಿಹಿಯಾಗೇ ಇರುತ್ತದೆ. ತೊಂದರೆ ಇರುವುದು ಕೆಳಗಿನ ಅಚ್ಚುಕಟ್ಟಿನಲ್ಲಿ, ಅಂದರೆ ಡ್ಯಾಮಿನ ಕಾಲುವೆ ನೀರುಣ್ಣುವ ಜಮೀನಿನಲ್ಲಿ. ವರ್ಷಕ್ಕೆರಡು ಬೆಳೆ ಭತ್ತ, ಸದಾ ನಿಂತ ನೀರು, ಹೂಳು ತುಂಬಿದ ಬಸಿಗಾಲುವೆ. ಅಂತರ್ಜಲ ಮೇಲೇರುತ್ತದೆ, ಜೊತೆಗೆ ಮಣ್ಣೊಳಗಿನ ಉಪ್ಪೂ. ಬೇಸಿಗೆಯಲ್ಲಿ ಬದುವಿನ ಪಕ್ಕ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದಲ್ವಾ, ಅದೇ ಸವಳು.

ಹಣ ಬರುವ ಮುಖ್ಯ ದಾರಿ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಭದ್ರಾದ್ದು ಶಿವಮೊಗ್ಗದಲ್ಲೇ ಇದೆ. ಕೇಂದ್ರ 1974-75ರಲ್ಲಿ ಶುರುಮಾಡಿದ ಅಚ್ಚುಕಟ್ಟು ಯೋಜನೆಗೆ 1996ರಲ್ಲಿ ಜವಳು ಭೂಮಿ (ನೀರು ನಿಂತು ಕೆಟ್ಟ ಜಮೀನು) ಸುಧಾರಣೆಯೂ ಸೇರಿತು. ದುಡ್ಡು ಕೈಗೆ ಬರುತ್ತೆ ಅಂದುಕೊಳ್ಳಬೇಡಿ, ಅದು ಬಸಿಗಾಲುವೆಯಂಥ ಕೆಲಸಕ್ಕೆ. ಒಬ್ಬರೇ ಅಲೆಯುವುದಕ್ಕಿಂತ ನೀರು ಬಳಕೆದಾರರ ಸಂಘದಿಂದ ಅರ್ಜಿ ಕೊಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸುಮ್ನೆ ಜಿಪ್ಸಂ ಸುರಿಯಬೇಡಿ, ಅದು ಕ್ಷಾರ ಜಾಸ್ತಿಯಿರುವ ಮಣ್ಣಿನ ಮದ್ದು.