ದೂರದ ಊರಿನ ಗೆಳೆಯರ ಜೊತೆ ಆನ್‌ಲೈನಲ್ಲಿ ಆಡೋದಕ್ಕೆ ಯಾವ ಪಝಲ್ ಗೇಮ್ ಒಳ್ಳೇದು?

ನೀವು ಕೇಳಿದ್ದು ಇಷ್ಟು: ನಾಲ್ಕು ಜನ ಗೆಳೆಯರು, ಬೇರೆ ಬೇರೆ ಊರು. ಒಬ್ಬರ ಹತ್ತಿರ ಮಾತ್ರ ಒಳ್ಳೆಯ ಕಂಪ್ಯೂಟರ್, ಒಬ್ಬರ ಹತ್ತಿರ ಬರೀ ಫೋನ್. ಗುಂಡು ಹಾರಿಸೋದು ಬೇಡ, ಒಟ್ಟಿಗೆ ತಲೆ ಓಡಿಸುವಂಥದ್ದು ಬೇಕು.

ನಮ್ಮ ಕಥೆಯೂ ಹೆಚ್ಚುಕಡಿಮೆ ಇದೇ. ನಾನು ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ನನ್ನ ಬೆಂಚಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಈಗ ಶಾರ್ಜಾದಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ನಾಲ್ಕನೆಯವಳು ನನ್ನ ತಂಗಿ. ಅವಳನ್ನು ಬಿಟ್ಟು ಆಡಿದರೆ ಮರುದಿನ ವೈಫೈ ಪಾಸ್‌ವರ್ಡ್ ಬದಲಾಗಿರುತ್ತದೆ.

ನೀವು ಕೀಪ್ ಟಾಕಿಂಗ್ ಆಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಗೇಮಿನಿಂದ ಶುರು ಮಾಡಿ. 2015ರದ್ದು. ಒಬ್ಬರು ಕೊಂಡರೆ ಸಾಕು. ಅವರ ಸ್ಕ್ರೀನಿನಲ್ಲಿ ಒಂದು ಬಾಂಬ್ ಇರುತ್ತದೆ, ಗಡಿಯಾರ ಓಡುತ್ತಿರುತ್ತದೆ. ಅದು ಸಿಡಿಯದ ಹಾಗೆ ಮಾಡುವುದು ಹೇಗೆ ಅನ್ನುವ ಪುಸ್ತಕ ಉಳಿದವರ ಕೈಯಲ್ಲಿ. ಪುಸ್ತಕ ಇರುವವರು ಬಾಂಬ್ ನೋಡುವ ಹಾಗಿಲ್ಲ, ಬಾಂಬ್ ಇರುವವರು ಪುಸ್ತಕ ನೋಡುವ ಹಾಗಿಲ್ಲ. ನಡುವೆ ಇರುವುದು ಬರೀ ಮಾತು. ಪುಸ್ತಕ 23 ಪುಟ, ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ತೆರೆಯಬಹುದು. ಹಾಗಾಗಿ ನಿಮ್ಮ ಫೋನ್ ಗೆಳೆಯನ ಸಮಸ್ಯೆ ಮುಗಿಯಿತು.

ನಾನು ಅದನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಲು ಹೋಗಿದ್ದೆ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬಾಂಬ್ ನಿಷ್ಕ್ರಿಯ ಮಾಡುವ ಕೈಪಿಡಿ ಅಂತ ಇಂಗ್ಲಿಷಿನಲ್ಲಿ ಬಂತು. ಅಂಗಡಿಯಣ್ಣ ಕಾಗದ ಕೈಯಲ್ಲಿ ಹಿಡಿದುಕೊಂಡು "ಎಂಥದು ಮಾರಾಯ ಇದು?" ಅಂದರು. ಗೇಮ್ ಅಂತ ವಿವರಿಸುವಷ್ಟರಲ್ಲಿ ಹಿಂದೆ ಆಧಾರ್ ಜೆರಾಕ್ಸ್ ಮಾಡಿಸಲು ನಿಂತವರೂ ಬಗ್ಗಿ ನೋಡಿದರು. ನೀವು ಫೋನಿನಲ್ಲೇ ಓದಿಕೊಳ್ಳಿ.

ಇದರಲ್ಲಿ ಕಷ್ಟ ಇರುವುದು ಒಗಟಿನಲ್ಲಿ ಅಲ್ಲ, ಹೇಳುವುದರಲ್ಲಿ. ಅದು ನಮಗೆ ಗೊತ್ತಾದದ್ದು ಒಂದು ವಯರಿನಿಂದ. ನನಗೂ ಬೆಂಗಳೂರಿನವನಿಗೂ ಮನೆಮಾತು ತುಳು. ಶಾರ್ಜಾದವನದು ಮಲಯಾಳ. ಶಾಲೆ ಎಲ್ಲರಿಗೂ ಕನ್ನಡ. ಮಾತಾಡುವಾಗ ಮೂರೂ ಬೆರೆಯುತ್ತವೆ, ಯಾರೂ ಲೆಕ್ಕ ಇಡುವುದಿಲ್ಲ. ಅವತ್ತು ಬಾಂಬ್ ನನ್ನ ಹತ್ತಿರ. ನಾಲ್ಕು ವಯರ್: ಕಪ್ಪು, ಬಿಳಿ, ಕೆಂಪು, ಕಪ್ಪು. ಇದಕ್ಕೆ ಪುಸ್ತಕದ ಪ್ರಕಾರ ಎರಡನೆಯದನ್ನು ಕತ್ತರಿಸಬೇಕು. ಬೆಂಗಳೂರಿನವನು ಅವಸರದಲ್ಲಿ "ರಡ್ಡ್, ರಡ್ಡ್" ಅಂದ. ತುಳುವಿನಲ್ಲಿ ರಡ್ಡ್ ಅಂದರೆ ಎರಡು. ನನ್ನ ಕಿವಿಗೆ ಬಿದ್ದದ್ದು ರೆಡ್. ಕೆಂಪು ವಯರ್ ಕತ್ತರಿಸಿದೆ. ತಪ್ಪು ಬಿತ್ತು. ಇದರಲ್ಲಿ ಒಂದು ತಪ್ಪಾದರೆ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಸಾಮಾನ್ಯವಾಗಿ ಮೂರನೆಯ ತಪ್ಪಿಗೆ ಢಮಾರ್. ಆ ದಿನ ಉಳಿದ ಎರಡು ತಪ್ಪಿಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಅವನು ಈಗಲೂ ತಪ್ಪು ನನ್ನದೇ ಅನ್ನುತ್ತಾನೆ.

ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ನಮ್ಮ ಮಾತೆಲ್ಲ ಕನ್ನಡದಲ್ಲಿ. ಬಣ್ಣ, ಲೆಕ್ಕ, ಎಡ, ಬಲ, ಎಲ್ಲವೂ. ಬಾಂಬಿನ ಮೇಲೆ ಬರೆದಿರುವುದನ್ನು ಮಾತ್ರ ಇಂಗ್ಲಿಷಿನಲ್ಲಿ, ಅದನ್ನೂ ಅಕ್ಷರ ಬಿಡಿಸಿ ಹೇಳಬೇಕು. ಇದು ನಮಗೆ ಲಾಭವೇ ಆಯಿತು. ಬಾಂಬಿನಲ್ಲಿ ಒಂದು ಭಾಗ ಇದೆ, ಬೇಕಂತಲೇ ಗೊಂದಲ ಮಾಡುವುದು. ಒಂದು ಸಲ ಅದರ ಚಿಕ್ಕ ಪರದೆಯ ಮೇಲೆ 'ನಥಿಂಗ್' ಅನ್ನುವ ಪದ ಇರುತ್ತದೆ. ಇನ್ನೊಂದು ಸಲ 'ಬ್ಲ್ಯಾಂಕ್' ಅನ್ನುವ ಪದ. ಮತ್ತೊಂದು ಸಲ ನಿಜವಾಗಿಯೂ ಏನೂ ಇರುವುದಿಲ್ಲ. ಇಂಗ್ಲಿಷಿನಲ್ಲೇ ಮಾತಾಡುವವರು ಇಲ್ಲಿ ಒದ್ದಾಡುತ್ತಾರೆ. ನಾವು ಏನೂ ಇಲ್ಲದಿದ್ದರೆ 'ಖಾಲಿ' ಅನ್ನುತ್ತೇವೆ. ನಥಿಂಗ್ ಅಂದರೆ ಆ ಪದ ಬರೆದಿದೆ ಅಂತಲೇ ಅರ್ಥ. ಎರಡು ಭಾಷೆ ಬರುವವರಿಗೆ ಸಿಕ್ಕ ಚಿಕ್ಕ ಬೋನಸ್, ಅಲ್ವಾ?

ಚಿಹ್ನೆಗಳ ಭಾಗ ಇನ್ನೂ ಚಂದ. ಗ್ರೀಕ್, ರಷ್ಯನ್ ಥರದ ಅಕ್ಷರಗಳು ಬರುತ್ತವೆ, ಅವುಗಳ ಹೆಸರು ಯಾರಿಗೂ ಗೊತ್ತಿಲ್ಲ. ಮೂರು ಮೊನೆ ಇರುವುದು ನಮ್ಮಲ್ಲಿ ತ್ರಿಶೂಲ. ಮಿಂಚಿನ ಹಾಗಿರುವುದು ಸಿಡಿಲು. ಕರಗಿದ ಮೂರರ ಹಾಗಿರುವುದಕ್ಕೆ ತಂಗಿ 'ಬಿಸಿಲಿಗಿಟ್ಟ ಮೂರು' ಅಂತ ಹೆಸರಿಟ್ಟಳು. ದುಂಡಗೆ ಮೇಲೆ ತೊಟ್ಟಿರುವ ಒಂದಕ್ಕೆ ಚೀನಿಕಾಯಿ. ಮೊದಲ ವಾರ ಇದಕ್ಕೇ ಜಗಳ. ಎರಡನೆಯ ವಾರಕ್ಕೆ "ಚೀನಿಕಾಯಿ, ಬಿಸಿಲಿಗಿಟ್ಟ ಮೂರು" ಅಂದರೆ ಸಾಕು, ಆಚೆಯಿಂದ ಉತ್ತರ ಬರುತ್ತಿತ್ತು. ನೀವೂ ನಿಮ್ಮದೇ ಹೆಸರು ಇಡಿ. ಬೇರೆಯವರ ಪಟ್ಟಿ ನೋಡಿ ಕಲಿತರೆ ಆ ಮಜಾ ಇರುವುದಿಲ್ಲ.

ನೆಟ್ ಬಗ್ಗೆ. ಬಾಂಬ್ ಒಬ್ಬರ ಮಶೀನಿನಲ್ಲೇ ಇರುವುದರಿಂದ ಇಲ್ಲಿ ನೆಟ್ ಬೇಕಾಗುವುದು ಮಾತಿಗೆ ಮಾತ್ರ. ನಮ್ಮ ಕಡೆ ಸಾಯಂಕಾಲ ಗುಡುಗು ಶುರುವಾದರೆ ಅಮ್ಮ ಯಾರನ್ನೂ ಕೇಳದೆ ಮೋಡೆಮ್ ವಯರ್ ಕಿತ್ತಿಡುತ್ತಾರೆ. ಆಗ ಫೋನಿನ ಡೇಟಾದಲ್ಲಿ ಆಟ ಮುಂದುವರಿಯುತ್ತದೆ. ನಿಮ್ಮವರು ಯಾರಾದರೂ ಯುಎಇಯಲ್ಲಿದ್ದರೆ ವಾಟ್ಸಾಪ್ ಕಾಲ್ ನಂಬಿ ಕೂರಬೇಡಿ. ನಾವು ಗೂಗಲ್ ಮೀಟ್ ಹಾಕುತ್ತೇವೆ. ಪುಕ್ಕಟೆ ಖಾತೆಯಲ್ಲಿ ಮೂರು ಜನ ಅಥವಾ ಜಾಸ್ತಿ ಇದ್ದರೆ 60 ನಿಮಿಷಕ್ಕೆ ಕಾಲ್ ಮುಗಿಯುತ್ತದೆ. ಮತ್ತೆ ಸೇರಬಹುದು, ಆದರೆ ನಮಗೆ ಅದೇ ನಿಲ್ಲಿಸುವ ಗಂಟೆ. ಶಾರ್ಜಾದಲ್ಲಿ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿಯವನು ಕೆಲಸ ಮುಗಿಸಿ ರೂಮಿಗೆ ಬಂದು ಊಟ ಮಾಡುವಷ್ಟರಲ್ಲಿ ಇಲ್ಲಿ ಹತ್ತೂವರೆ.

ಇಬ್ಬರೇ ಆಡುವುದಾದರೆ ಬೇರೆ ದಾರಿಗಳಿವೆ. ವಿ ವರ್ ಹಿಯರ್ ಸರಣಿಯ ಮೊದಲ ಗೇಮ್ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪುಕ್ಕಟೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಸಿಕ್ಕಿಬಿದ್ದು ವಾಕಿಟಾಕಿಯಲ್ಲಿ ಮಾತಾಡುವುದು. ಪೋರ್ಟಲ್ 2 ನನಗೆ ಎಲ್ಲಕ್ಕಿಂತ ಇಷ್ಟ. 2011ರದ್ದು, ಹಾಗಾಗಿ ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಇಬ್ಬರು ರೋಬೋಗಳು, ಒಬ್ಬೊಬ್ಬರಿಗೆ ಎರಡೆರಡು ಬಾಗಿಲು. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಗೆ. ಗೆಳೆಯನ ಬಾಗಿಲನ್ನು ಬಳಸಿ ನೀವು ಹಾರಬೇಕು, ಅವನು ತಪ್ಪು ಜಾಗದಲ್ಲಿ ಇಟ್ಟರೆ ನೀವು ಹೊಂಡಕ್ಕೆ. ಆದರೆ ಇಬ್ಬರೂ ಕೊಳ್ಳಬೇಕು, ಡಿಸ್ಕೌಂಟ್ ಬರುವವರೆಗೆ ಕಾಯಿರಿ. 2021ರ ಇಟ್ ಟೇಕ್ಸ್ ಟು ಗೇಮನ್ನು ಒಬ್ಬರು ಕೊಂಡರೆ ಇನ್ನೊಬ್ಬರು ಫ್ರೆಂಡ್ಸ್ ಪಾಸಿನಲ್ಲಿ ಸುಮ್ನೆ ಆಡಬಹುದು. ಅದಕ್ಕೆ ಇಬ್ಬರ ಕಂಪ್ಯೂಟರೂ ಚೆನ್ನಾಗಿರಬೇಕು, ನಿಮಗೆ ಈಗ ಆಗಲಿಕ್ಕಿಲ್ಲ.

ಇನ್ನೊಂದು ಮಾತು, ಇದು ಯಾವ ಗೇಮಿಗಾದರೂ ಸರಿ. ಪ್ರತಿ ಗುಂಪಿನಲ್ಲೂ ಮೊದಲೇ ಉತ್ತರ ಹೊಳೆಯುವವನು ಒಬ್ಬ ಇರುತ್ತಾನೆ. ನಮ್ಮಲ್ಲಿ ಅದು ನಾನು ಅಂತ ನಾನು ಅಂದುಕೊಂಡಿದ್ದೆ. ಪೋರ್ಟಲ್‌ನಲ್ಲಿ ಶಾರ್ಜಾದವನಿಗೆ "ಅಲ್ಲಿ ನಿಲ್ಲು, ಇಲ್ಲಿ ಒತ್ತು" ಅಂತಲೇ ಮೂರು ರಾತ್ರಿ ಆಡಿಸಿದೆ. ನಾಲ್ಕನೆಯ ರಾತ್ರಿ ಅವನು ನಿದ್ದೆ ಬರ್ತಿದೆ ಅಂದ. ಐದನೆಯ ರಾತ್ರಿಯೂ ಅದೇ. ಅವನಿಗೆ ನಿದ್ದೆಯಲ್ಲ, ನನ್ನ ರಿಮೋಟ್ ಆಗಿ ಸಾಕಾಗಿತ್ತು. ತಂಗಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಈಗ ಯಾರಿಗಾದರೂ ಉತ್ತರ ಗೊತ್ತಾದರೆ "ನನಗೆ ಸಿಕ್ಕಿತು" ಅಂತ ಮಾತ್ರ ಹೇಳಿ ಬಾಯಿ ಮುಚ್ಚಿ ಕೂರಬೇಕು, ಆಚೆಯವನು ಕೇಳುವವರೆಗೆ. ನನಗೆ ಇದು ಬಾಂಬಿಗಿಂತ ಕಷ್ಟ.

ಬಾಂಬ್ ಗೇಮಿನಲ್ಲಿ ಪಾಳಿಯ ಪ್ರಕಾರ ಎಲ್ಲರೂ ಬಾಂಬ್ ಹಿಡಿಯಲು ಆಗುವುದಿಲ್ಲ, ಗೇಮ್ ಇರುವುದು ಒಬ್ಬರ ಹತ್ತಿರ. ಹಾಗಾಗಿ ಪುಸ್ತಕವನ್ನು ಹಂಚಿಕೊಳ್ಳಿ. ವಯರ್ ಒಬ್ಬರಿಗೆ, ಚಿಹ್ನೆ ಒಬ್ಬರಿಗೆ, ಬಾಂಬ್ ಹಿಡಿದವರಿಗೆ ಗೋಡೆ ಕಾಣದ ಚಕ್ರವ್ಯೂಹದ ಪುಟ ಇನ್ನೊಬ್ಬರಿಗೆ. ಆ ಚಕ್ರವ್ಯೂಹವನ್ನು ಮಾತ್ರ ಬೇಗ ರೇಗುವವರ ಕೈಗೆ ಕೊಡಬೇಡಿ. ನಮ್ಮಲ್ಲಿ ಅದು ಬೆಂಗಳೂರಿನವನ ಹತ್ತಿರ ಇತ್ತು, ಈಗ ತಂಗಿಯ ಹತ್ತಿರ ಇದೆ.